ಪ್ರೇಮಿಗಳ ವಾರ: ಕಾಫಿ ಮಲೆಗೆ ಅದು ರಜೆಯಲ್ಲ, ಕುಯ್ಲಿನ ಕೊನೆ

ಚಿಕ್ಕಮಗಳೂರು: ಫೆಬ್ರವರಿ ತಿಂಗಳ ಎರಡನೆಯ ವಾರ ಬಂತೆಂದರೆ ಕಾಫಿ ಮಲೆಯ ಹಾದಿಗಳಲ್ಲಿ ಎರಡು ಬಗೆಯ ವಾಹನಗಳು ಎದುರುಬದುರಾಗುತ್ತವೆ. ಏರುವವು ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ಕಾರು, ಬೈಕುಗಳು. ಇಳಿಯುವವು ಕಾಫಿ ಮೂಟೆ ಹೇರಿಕೊಂಡ ಪಿಕಪ್‌ಗಳು, ಲಾರಿಗಳು. ಮೊದಲನೆಯವು ಹೊರಟಿರುವುದು ಪ್ರೇಮಿಗಳ ದಿನದ ವಿಹಾರಕ್ಕೆ. ಎರಡನೆಯವು ಕ್ಯೂರಿಂಗ್ ವರ್ಕ್ಸ್‌ಗೆ. ಕಿರಿದಾದ ತಿರುವಿನಲ್ಲಿ ಯಾರು ಹಿಂದೆ ಸರಿಯಬೇಕೆಂಬುದು ಆ ಕ್ಷಣದ ಜಗಳವಾದರೂ, ಅದರ ಹಿಂದೆ ಇರುವುದು ಎರಡು ಪಂಚಾಂಗಗಳ ಘರ್ಷಣೆ.

ನಗರದ ಪಂಚಾಂಗದಲ್ಲಿ 7ನೇ ತಾರೀಖು ಗುಲಾಬಿಯ ದಿನ, ನಂತರ ಚಾಕೊಲೇಟಿನ ದಿನ, 14ಕ್ಕೆ ಪ್ರೇಮಿಗಳ ದಿನ. ಮಲೆನಾಡಿನ ಪಂಚಾಂಗದಲ್ಲಿ ಇದೇ ವಾರ ಅರೇಬಿಕಾ ಕುಯ್ಲು ಮುಗಿದು ರೋಬಸ್ಟಾ ಕುಯ್ಲು ಕೊನೆಯ ಹಂತಕ್ಕೆ ಬಂದಿರುವ, ಕಣ ತುಂಬಿರುವ, ಆಕಾಶ ನೋಡುತ್ತ ಕೂರುವ ಕಾಲ. ಜೊತೆಗೆ ತೇರು, ಹರಕೆ, ಯಕ್ಷಗಾನದ ಆಟಗಳ ಕಾಲವೂ ಹೌದು. ಹೊರಗಿನಿಂದ ಬರುವ ಜೋಡಿಗಳು ಈ ಎರಡನೆಯ ಪಂಚಾಂಗವನ್ನು ಒಮ್ಮೆ ತಿರುವಿ ನೋಡಿದರೆ ಪ್ರವಾಸವೂ ಚೆನ್ನಾದೀತು, ಊರಿನವರ ಗೊಣಗಾಟವೂ ತಗ್ಗೀತು.

ಹೂವು ಕಾಯುವುದಿಲ್ಲ, ಕಾಯಿಸುತ್ತದೆ

ಬರುವವರಲ್ಲಿ ಅನೇಕರ ಮನಸ್ಸಿನಲ್ಲಿರುವ ಚಿತ್ರ ಒಂದೇ: ಮಲ್ಲಿಗೆಯಂತೆ ಬಿಳಿಯ ಹೂ ತುಂಬಿದ ಕಾಫಿ ಗಿಡ, ಹಿಂದೆ ಮಂಜು ಮುಸುಕಿದ ಬೆಟ್ಟ, ಪಕ್ಕದಲ್ಲಿ ಧುಮ್ಮಿಕ್ಕುವ ಝರಿ. ಈ ಮೂರೂ ಒಟ್ಟಿಗೆ ಸಿಗುವ ದಿನ ವರ್ಷದಲ್ಲಿ ಇಲ್ಲವೆಂದೇ ಹೇಳಬೇಕು. ಮಂಜು ಮತ್ತು ಝರಿ ಮಳೆಗಾಲದವು. ಫೆಬ್ರವರಿಯಲ್ಲಿ ಬೆಳಗಿನ ಜಾವ ಮೈ ಕೊರೆಯುವ ಚಳಿ, ಹನ್ನೊಂದು ಗಂಟೆಗೆಲ್ಲ ಚುರುಗುಟ್ಟುವ ಬಿಸಿಲು. ಚಾರ್ಮಾಡಿ ಘಾಟಿಯ ರಸ್ತೆಯ ಬದಿಯಲ್ಲಿ ಜುಲೈನಲ್ಲಿ ಬಳುಕುವ ನೀರಿನ ಎಳೆಗಳು ಈ ಹೊತ್ತಿಗೆ ಬರಿಯ ಕಪ್ಪು ಬಂಡೆಯ ಗುರುತುಗಳು.

ಇನ್ನು ಹೂವಿನ ವಿಚಾರ. ಕಾಫಿ ಗಿಡದ ಮೊಗ್ಗು ತಾನಾಗಿ ಅರಳುವುದಿಲ್ಲ. ಚಳಿಗಾಲದ ಒಣಹವೆಯಲ್ಲಿ ಮೊಗ್ಗು ಬಲಿತು ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ಮುಂದಿನ ಹೆಜ್ಜೆಗೆ ಅದಕ್ಕೆ ನೀರಿನ ಕರೆ ಬೇಕು. ಸುಮಾರು ಒಂದು ಇಂಚಿನಷ್ಟು ಒಳ್ಳೆಯ ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಇಡೀ ತೋಟ ಒಂದೇ ಬೆಳಗಿಗೆ ಬಿಳಿಯಾಗುತ್ತದೆ. ಈ ಮಳೆಗೆ ಬೆಳೆಗಾರರು ಇಟ್ಟಿರುವ ಹೆಸರು ಹೂಮಳೆ. ರೋಬಸ್ಟಾಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ, ಅರೇಬಿಕಾಕ್ಕೆ ಮಾರ್ಚ್, ಏಪ್ರಿಲ್‌ನಲ್ಲಿ ಇದು ಬರಬೇಕು. ಬಾರದಿದ್ದರೆ ಕೆರೆ, ಹೊಳೆಗಳ ನೀರೆತ್ತಿ ಸ್ಪ್ರಿಂಕ್ಲರ್ ಹಾಯಿಸುವುದುಂಟು. ಆದ್ದರಿಂದ 14ನೇ ತಾರೀಖಿಗೆ ಹೂವು ನೋಡಲೇಬೇಕೆಂದು ಬಂದವರಿಗೆ ಅದು ಸಿಕ್ಕರೆ ಅದೃಷ್ಟ, ಅಥವಾ ಯಾರೋ ಬೆಳೆಗಾರರ ಡೀಸೆಲ್ ಖರ್ಚು.

ಅರಳಿದ ಹೂವಿನ ಆಯುಷ್ಯವೂ ಎರಡು ಮೂರು ದಿನವಷ್ಟೇ. ಅದರಲ್ಲೂ ಪರಾಗಸ್ಪರ್ಶ ನಡೆಯುವುದು ಮೊದಲ ದಿನದ ಕೆಲವೇ ಗಂಟೆಗಳಲ್ಲಿ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೋಬಸ್ಟಾ ಹಾಗಲ್ಲ, ಅದಕ್ಕೆ ಬೇರೊಂದು ಗಿಡದ ಪರಾಗವೇ ಆಗಬೇಕು, ಅದನ್ನು ತಂದುಕೊಡಲು ಗಾಳಿ ಬೀಸಬೇಕು, ಜೇನು ಹಾರಬೇಕು. ಹೂವು ಅರಳಿದ ದಿನವೇ ಮಳೆ ಹೊಡೆದರೆ ಆ ವರ್ಷದ ಫಸಲಿಗೇ ಪೆಟ್ಟು. ಪ್ರೇಮಕ್ಕೆ ಉಪಮೆ ಹುಡುಕುವ ಕವಿಗಳು ಗುಲಾಬಿಯನ್ನು ಬಿಟ್ಟು ರೋಬಸ್ಟಾ ಕಡೆ ನೋಡಿದ್ದರೆ ಹೆಚ್ಚು ಲಾಭವಿತ್ತು!

ಅದೇ ಮಳೆ ನಾಲ್ಕು ದಿನ ಮುಂಚೆ ಬಂದರೆ ಇನ್ನೊಂದು ಆಪತ್ತು. ಕುಯ್ದ ಹಣ್ಣು ಕಣದಲ್ಲಿ ಹರಡಿ ಒಣಗುತ್ತಿರುವಾಗ ನೀರು ಬಿದ್ದರೆ ಬೂಷ್ಟು ಹಿಡಿದು ಗುಣಮಟ್ಟ ಕೆಡುತ್ತದೆ. ಒಂದೇ ಮೋಡ ಗಿಡದ ಮೇಲಿನ ಮೊಗ್ಗಿಗೆ ವರ, ಕಣದ ಮೇಲಿನ ಹಣ್ಣಿಗೆ ಶಾಪ. ಈ ವಾರ ಬೆಳೆಗಾರನೂ ಅವನ ರೈಟರೂ ಪದೇ ಪದೇ ಮೇಲೆ ನೋಡುವುದು ಇದಕ್ಕೇ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು, ಕೊಡಗಿನ ನಂತರ ಚಿಕ್ಕಮಗಳೂರಿನ ಸ್ಥಾನ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ಇಂದಿಗೂ ಈ ಗಿಡದ ಗುಟ್ಟುಗಳನ್ನು ಬಿಡಿಸುತ್ತಲೇ ಇದೆ.

ಹೀಗಿರುವಾಗ ಬೇಲಿ ದಾಟಿ ತೋಟದೊಳಗೆ ನುಗ್ಗಿ ಫೋಟೋ ತೆಗೆಸಿಕೊಳ್ಳುವ, ಕಣದಲ್ಲಿ ಹರಡಿದ ಕಾಫಿಯನ್ನು ತುಳಿದು ನಿಲ್ಲುವ ಜೋಡಿಗಳ ಮೇಲೆ ಊರಿನವರು ರೇಗಿದರೆ ಅದು ಪ್ರೇಮದ ಮೇಲಿನ ಸಿಟ್ಟಲ್ಲ. 2024–25ರಲ್ಲಿ ಕಾಫಿ ಧಾರಣೆ ದಾಖಲೆಯ ಮಟ್ಟಕ್ಕೇರಿದ ಮೇಲೆ ಕಾಫಿ ಕಳವಿನ ಭಯವೂ ಏರಿದೆ. ಅಪರಿಚಿತರನ್ನು ಕಂಡರೆ ಯಾರು, ಏನು ಎಂದು ವಿಚಾರಿಸುವುದು ಸಹಜ. ಕೇಳಿ ಒಳಗೆ ಹೋದವರಿಗೆ ತೋಟ ತೋರಿಸಿ, ಬಿಸಿ ಕಾಫಿ ಕೊಟ್ಟು ಕಳಿಸುವ ಮನೆಗಳು ಮಲೆನಾಡಿನಲ್ಲಿ ಈಗಲೂ ಇವೆ.

ಕಪ್ಪಿನಿಂದ ಬೆಟ್ಟಕ್ಕೆ

ಪ್ರೇಮಕ್ಕೂ ಕಾಫಿಗೂ ನಂಟು ಬೆಳೆದದ್ದು ಬೆಟ್ಟದಲ್ಲಲ್ಲ, ಪೇಟೆಯಲ್ಲಿ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಏಳು ಬೀಜ ತಂದು ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಯ ಕಾಫಿ, ಬಹುಕಾಲ ಬ್ರಾಹ್ಮಣರ ಹೋಟೆಲು, ಕಾಫಿ ಹೌಸುಗಳ ಪಾನೀಯವಾಗಿತ್ತು. ಅಲ್ಲಿ ಹುಡುಗ ಹುಡುಗಿ ಒಂದು ಗಂಟೆ ಕುಳಿತರೆ ಮಾಣಿ ನಾಲ್ಕು ಸಲ ಮೇಜು ಒರೆಸಿ ಹೋಗುತ್ತಿದ್ದ. ಚಿಕ್ಕಮಗಳೂರಿನ ಬೆಳೆಗಾರ ಕುಟುಂಬದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಮಾರಿದ್ದು ಕಾಫಿಯನ್ನಷ್ಟೇ ಅಲ್ಲ, ಕುಳಿತುಕೊಳ್ಳುವ ಅವಕಾಶವನ್ನು. ಅದೇ ದಶಕದಲ್ಲಿ ಉಪಗ್ರಹ ವಾಹಿನಿಗಳೂ ಶುಭಾಶಯ ಪತ್ರದ ಅಂಗಡಿಗಳೂ ಪ್ರೇಮಿಗಳ ದಿನವನ್ನು ಊರೂರಿಗೆ ತಲುಪಿಸಿದವು. ಸಿದ್ಧಾರ್ಥ 2019ರ ಜುಲೈನಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ಅಭ್ಯಾಸ ಉಳಿಯಿತು; ಕಪ್ಪಿನ ಮುಂದೆ ಕುಳಿತ ತಲೆಮಾರು ಈಗ ಕಪ್ಪಿನ ಮೂಲ ಹುಡುಕಿಕೊಂಡು ಬೆಟ್ಟ ಹತ್ತುತ್ತಿದೆ.

ಗಿರಿಯಲ್ಲಿ ಏಕಾಂತವಿಲ್ಲ

ಹತ್ತಿದವರು ಮೊದಲು ಹುಡುಕುವುದು ಮುಳ್ಳಯ್ಯನಗಿರಿಯನ್ನು. ಸುಮಾರು 1,930 ಮೀಟರ್ ಎತ್ತರದ ಇದು ರಾಜ್ಯದ ಅತ್ಯುನ್ನತ ಶಿಖರ. ಏಕಾಂತ ಬಯಸಿ ಹೋದವರಿಗೆ ಅಲ್ಲಿ ದೊರೆಯುವುದು ಬಹುಮಟ್ಟಿಗೆ ವಾಹನದ ಸಾಲು. ವಾರಾಂತ್ಯದ ದಟ್ಟಣೆ ಮಿತಿ ಮೀರಿದ್ದರಿಂದ ಜಿಲ್ಲಾಡಳಿತವು 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ ಭಾಗಕ್ಕೆ ಹೋಗುವ ಪ್ರವಾಸಿಗರಿಗೆ ಆನ್‌ಲೈನ್ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿ, ದಿನವನ್ನು ಎರಡು ಪಾಳಿಯಾಗಿ ವಿಂಗಡಿಸಿ, ವಾಹನಗಳ ಸಂಖ್ಯೆಗೂ ಮಿತಿ ಹಾಕಿತು. ನೋಂದಣಿ ಮರೆತು ತಪಾಸಣಾ ಠಾಣೆಯಿಂದ ಹಿಂದಿರುಗುವ ಪ್ರಸಂಗ ಪ್ರೇಮಕ್ಕೆ ಒಳ್ಳೆಯದಲ್ಲ.

ಇದಕ್ಕಿಂತ ದೊಡ್ಡ ಸಂಗತಿ ಬೆಂಕಿ. ಗಿರಿಯ ಮೇಲಿರುವುದು ಹುಲ್ಲುಗಾವಲು; ಕಣಿವೆಗಳ ಮಡಿಲಲ್ಲಿ ಶೋಲಾ ಕಾಡು. ಮಳೆಗಾಲದಲ್ಲಿ ಹಸಿರಾಗಿದ್ದ ಹುಲ್ಲು ಈಗ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ಚಿತ್ರಕ್ಕೆ ಸೊಗಸು, ಕಿಡಿಗೆ ಮದ್ದು. ಒಂದು ಬೀಡಿಯ ತುಂಡು, ರಾತ್ರಿಯ ಶಿಬಿರಾಗ್ನಿಯ ಆರದ ಕೆಂಡ ಸಾಕು. ಗಾಳಿಗೆ ಬೆಂಕಿ ಗುಡ್ಡದಿಂದ ಗುಡ್ಡಕ್ಕೆ ಹರಿಯುತ್ತದೆ. ಅರಣ್ಯ ಇಲಾಖೆಯ ಕಾವಲುಗಾರರು ಬೆಂಕಿ ರೇಖೆ ಕಡಿಯುವ, ಸೊಪ್ಪು ಬಡಿದು ಬೆಂಕಿ ಆರಿಸುವ ಕೆಲಸದಲ್ಲಿ ಮುಳುಗುವ ಕಾಲವಿದು. ಕಳಸದ ಬಳಿಯ ಕುದುರೆಮುಖ ಶಿಖರದ ಚಾರಣಕ್ಕೂ ದಿನದ ಮಿತಿ, ಮುಂಗಡ ಕಾಯ್ದಿರಿಸುವಿಕೆ ಇದ್ದು, ಕಾಳ್ಗಿಚ್ಚಿನ ಅಪಾಯ ಹೆಚ್ಚಾದಾಗ ಇಲಾಖೆ ದಾರಿಯನ್ನೇ ಮುಚ್ಚುವುದುಂಟು. ಹೊರಡುವ ಮೊದಲೇ ವಿಚಾರಿಸುವುದು ಮೇಲು.

ಮೂಡಿಗೆರೆಯ ಒಂದು ಮದುವೆ

ಜೋಡಿಗಳು ಕೈಹಿಡಿದು ಓಡಾಡುವುದನ್ನು ಕಂಡು ಇದು ನಮ್ಮ ಸಂಸ್ಕೃತಿಯಲ್ಲ ಎನ್ನುವವರು ಪ್ರತಿ ಫೆಬ್ರವರಿಯಲ್ಲಿಯೂ ಇರುತ್ತಾರೆ. ಘಟ್ಟದ ಕೆಳಗಿನ ಮಂಗಳೂರಿನಲ್ಲಿ 2009ರ ಜನವರಿ 24ರಂದು ನಡೆದ ಪಬ್ ದಾಳಿ, ಅದರ ಬೆನ್ನಿಗೇ ಬಂದ ಪ್ರೇಮಿಗಳ ದಿನದ ಬೆದರಿಕೆಗಳು ದೇಶವಿಡೀ ಸುದ್ದಿಯಾದವು. ಆದರೆ ಈ ಮಲೆಯ ಸಂಸ್ಕೃತಿಯಲ್ಲಿ ಪ್ರೇಮಕ್ಕೆ ಯಾವ ಸ್ಥಾನವಿತ್ತೆಂದು ತಿಳಿಯಲು ಶಿಖರ ಹತ್ತಬೇಕಿಲ್ಲ, ಮೂಡಿಗೆರೆಗೆ ಹೋದರೆ ಸಾಕು.

ಮೈಸೂರಿನಲ್ಲಿ ಓದುತ್ತಿದ್ದಾಗ ಪರಿಚಯವಾಗಿ ಪ್ರೀತಿಸಿದ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ 1966ರಲ್ಲಿ ಮದುವೆಯಾದದ್ದು ಮೂಡಿಗೆರೆ ಸೀಮೆಯ ಚಿತ್ರಕೂಟ ತೋಟದಲ್ಲಿ. ಯಾವ ಛತ್ರವೂ ಇಲ್ಲ, ವಾಲಗವಿಲ್ಲ. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯ ಪ್ರಶ್ನೆಯೇ ಇಲ್ಲ. ವರನ ತಂದೆ ಕುವೆಂಪು ಈ ಮದುವೆಗಾಗಿ ರೂಪಿಸಿದ ಸರಳ ವಿಧಾನವೇ ಮುಂದೆ ‘ಮಂತ್ರಮಾಂಗಲ್ಯ’ ಎಂಬ ಹೆಸರಿನಲ್ಲಿ ಪುಸ್ತಿಕೆಯಾಗಿ ನಾಡಿನಲ್ಲೆಲ್ಲ ಹರಡಿತು. ವಧೂವರರು ಹಿತೈಷಿಗಳ ಎದುರು ನಿಂತು ಪ್ರತಿಜ್ಞೆ ಓದುವುದೇ ಇದರ ಮುಖ್ಯಾಂಗ. ಜಾತಿಯ, ಮೌಢ್ಯದ ಕಟ್ಟುಗಳಿಂದ ತಾವು ಬಿಡಿಸಿಕೊಂಡವರೆಂದೂ, ಗಂಡು ಹೆಣ್ಣಿನಲ್ಲಿ ಒಬ್ಬರು ಇನ್ನೊಬ್ಬರ ಅಧೀನರಲ್ಲವೆಂದೂ ಆ ಪ್ರತಿಜ್ಞೆಯ ತಾತ್ಪರ್ಯ.

ಅಂದಹಾಗೆ, ಕುವೆಂಪು ಅವರ ಪತ್ನಿಯ ಹೆಸರು ಹೇಮಾವತಿ. ಹೇಮಾವತಿ ನದಿ ಹುಟ್ಟುವುದು ಇದೇ ಮೂಡಿಗೆರೆಯ ಜಾವಳಿಯಲ್ಲಿ. ಕಾಕತಾಳೀಯವೇ ಇರಬಹುದು, ಆದರೆ ಚೆಂದದ ಕಾಕತಾಳೀಯ.

ತೇಜಸ್ವಿ, ರಾಜೇಶ್ವರಿ ದಂಪತಿ ನಗರದ ನೌಕರಿಯ ದಾರಿ ಹಿಡಿಯಲಿಲ್ಲ. ಚಿತ್ರಕೂಟದ ನಂತರ ‘ನಿರುತ್ತರ’ದ ತೋಟದಲ್ಲಿ ಬಾಳಿದರು. ಮೀನಿನ ಗಾಳ, ಕ್ಯಾಮೆರಾ, ಹಕ್ಕಿಗಳು ಒಬ್ಬರದ್ದಾದರೆ, ಹೂಗಿಡ, ಮನೆ, ಬರುವ ಹೋಗುವ ಜನ ಇನ್ನೊಬ್ಬರದ್ದು. ತೇಜಸ್ವಿ 2007ರ ಏಪ್ರಿಲ್ 5ರಂದು ತೀರಿಕೊಂಡ ಮೇಲೆ ರಾಜೇಶ್ವರಿಯವರು ಬರೆದ ‘ನನ್ನ ತೇಜಸ್ವಿ’ಯಲ್ಲಿ ಈ ಒಡನಾಟದ ಕಥೆಯಿದೆ, ಮದುವೆಗೆ ಮುಂಚಿನ ಪತ್ರಗಳ ಕಾಲದಿಂದಲೇ ಅದು ಮೊದಲಾಗುತ್ತದೆ. ಪ್ರೇಮಿಗಳ ದಿನಕ್ಕೆ ಉಡುಗೊರೆ ಹುಡುಕುವವರು ಚಾಕೊಲೇಟಿನ ಬದಲು ಈ ಪುಸ್ತಕವನ್ನು ಕೊಟ್ಟರೆ ತಪ್ಪೇನಿಲ್ಲ. ರಾಜೇಶ್ವರಿಯವರು 2021ರ ಡಿಸೆಂಬರ್‌ನಲ್ಲಿ ನಿಧನರಾದರು.

ಆದರೆ ತೇಜಸ್ವಿ ಮಲೆನಾಡನ್ನು ಪ್ರೇಮದ ಸ್ವರ್ಗವೆಂದು ಬರೆದವರಲ್ಲ. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ದಲ್ಲಿ ರಫಿ ಮತ್ತು ಜಯಂತಿ ಎಂಬ ಇಬ್ಬರು ತರುಣರು ಪ್ರೀತಿಸುತ್ತಾರೆ, ಸುತ್ತಲಿನ ಕೆಸರೂರು ವದಂತಿ, ಮತದ್ವೇಷ, ಲಾಭಕೋರತನಗಳಲ್ಲಿ ಕುದಿಯುತ್ತದೆ. ಕಾದಂಬರಿಯ ಕೊನೆಗೆ ಕಾಡಿಗೆ ಬೆಂಕಿ ಬೀಳುತ್ತದೆ. ಫೆಬ್ರವರಿಯ ಒಣಹುಲ್ಲು ನೋಡಿದವರಿಗೆ ಆ ಪುಟಗಳು ಕೇವಲ ಸಂಕೇತವೆನಿಸುವುದಿಲ್ಲ.

ಪ್ರತಿಜ್ಞೆ ಸಾಕೆ, ರುಜುವೂ ಬೇಕೆ?

ಮಂತ್ರಮಾಂಗಲ್ಯದ ಆಕರ್ಷಣೆ ಕುಗ್ಗಿಲ್ಲ. ನಟಿ ಪೂಜಾ ಗಾಂಧಿ 2023ರ ನವೆಂಬರ್‌ನಲ್ಲಿ ಇದೇ ಪದ್ಧತಿಯಲ್ಲಿ ವಿವಾಹವಾದಾಗ ಹೊಸ ತಲೆಮಾರಿನ ಅನೇಕರು ಈ ಪದವನ್ನು ಮೊದಲ ಬಾರಿಗೆ ಕೇಳಿದರು. ಆದರೆ ಇಲ್ಲೊಂದು ತೊಡಕನ್ನು ತಿಳಿದಿರಬೇಕು. ತಮಿಳುನಾಡು 1967ರಲ್ಲಿ ಕಾನೂನು ತಿದ್ದಿ ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹಕ್ಕೆ ನೇರ ಮಾನ್ಯತೆ ನೀಡಿತು. ಕರ್ನಾಟಕದಲ್ಲಿ ಅಂಥ ತಿದ್ದುಪಡಿ ಆಗಿಲ್ಲ. ಹಾಗಾಗಿ ತೋಟದ ಅಂಗಳದಲ್ಲಿ ಪ್ರತಿಜ್ಞೆ ಓದಿದವರು ದಾಖಲೆಗಾಗಿ ನೋಂದಣಿ ಕಚೇರಿಯ ಮೆಟ್ಟಿಲು ಹತ್ತುವುದು ಅನಿವಾರ್ಯ.

ಜೋಡಿ ಬೇರೆ ಬೇರೆ ಧರ್ಮದವರಾದರೆ ಇರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ನೆಲೆಸಿದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಲಾಗುತ್ತದೆ. ಆಕ್ಷೇಪಣೆಗೆಂದು 30 ದಿನ ಕಾಯಬೇಕು. ಅಂದರೆ ಫೆಬ್ರವರಿ 14ರಂದೇ ಮದುವೆಯಾಗಬೇಕೆಂಬ ಆಸೆಯಿದ್ದವರು ಜನವರಿ ಎರಡನೆಯ ವಾರ ಮುಗಿಯುವ ಮೊದಲೇ ನೋಟಿಸ್ ಸಲ್ಲಿಸಿರಬೇಕು. ಮನೆಯವರಿಗೆ ಹೆದರುವ ಜೋಡಿಗೆ ಸೂಚನಾ ಫಲಕದ ಆ ಮೂವತ್ತು ದಿನ ಯಾವ ಘಾಟಿಗಿಂತಲೂ ಕಡಿದು. ಇಬ್ಬರು ವಯಸ್ಕರು ಒಪ್ಪಿ ಮದುವೆಯಾಗಲು ಕುಟುಂಬದ, ಸಮುದಾಯದ ಅಥವಾ ಪಂಚಾಯಿತಿಯ ಒಪ್ಪಿಗೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನೋಟಿಸ್ ಮಾತ್ರ ಇನ್ನೂ ಫಲಕದ ಮೇಲೆಯೇ ಇದೆ. ಮದುವೆಯಾಗದ ಇಬ್ಬರು ವಯಸ್ಕರು ಹೋಟೆಲು, ಹೋಂಸ್ಟೇಯಲ್ಲಿ ಕೊಠಡಿ ಪಡೆಯುವುದನ್ನು ನಿಷೇಧಿಸುವ ಕಾನೂನೂ ಇಲ್ಲ. ಗುರುತಿನ ಚೀಟಿ ತೋರಿಸಿದರೆ ಸಾಕು.

ಮೂಡಿಗೆರೆಯಿಂದ ಚಾರ್ಮಾಡಿಯತ್ತ ಹೊರಟರೆ ಕೊಟ್ಟಿಗೆಹಾರ ಸಿಗುತ್ತದೆ. ನೀರ್ದೋಸೆಗೆ ಹೆಸರಾದ ಈ ಪುಟ್ಟ ಕೂಡುರಸ್ತೆಯಲ್ಲಿಯೇ ತೇಜಸ್ವಿ ಅವರ ಹೆಸರಿನ ಪ್ರತಿಷ್ಠಾನವೂ ಇದೆ. ಸಾಹಿತ್ಯ, ಪರಿಸರ, ಛಾಯಾಗ್ರಹಣ ಕುರಿತ ಕಾರ್ಯಕ್ರಮಗಳು ಅಲ್ಲಿ ನಡೆಯುತ್ತಿರುತ್ತವೆ. ದೋಸೆ ತಿಂದು ಘಾಟಿ ಇಳಿದುಬಿಡುವವರು ಅರ್ಧ ಗಂಟೆ ಇತ್ತ ಹೊರಳಬಹುದು.

ರಾತ್ರಿಯ ಆಟ, ಕಳಸದ ಹಾದಿ

ಇನ್ನು ಊರಿನವರ ವಿಹಾರದ ಮಾತು. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ, ಅವರಲ್ಲಿ ಅಸ್ಸಾಂ, ಬಂಗಾಳದಿಂದ ಬಂದವರೂ ಈಗ ಬಹಳ, ವಾರದ ಸಂತೆಯೇ ವಿಹಾರ. ಬಟ್ಟಲು ಹಣ್ಣಿನ ಲೆಕ್ಕದಲ್ಲಿ ದುಡಿದ ವಾರ ಮುಗಿದ ಮೇಲೆ ಹೊಸ ಅಂಗಿ ತೊಟ್ಟ ತರುಣ ದಂಪತಿ ಸಂತೆಯ ಬೀದಿಯಲ್ಲಿ ಬಳೆ, ಬೋಂಡಾ ಕೊಳ್ಳುವುದನ್ನು ಯಾರೂ ಪ್ರೇಮಿಗಳ ದಿನವೆಂದು ಕರೆಯುವುದಿಲ್ಲವಷ್ಟೆ.

ಉಳಿದವರೆಲ್ಲರಿಗೂ ಈ ಕಾಲದ ದೊಡ್ಡ ಮನರಂಜನೆ ಯಕ್ಷಗಾನ. ದೀಪಾವಳಿಯ ನಂತರ ಗೆಜ್ಜೆ ಕಟ್ಟುವ ಕರಾವಳಿಯ ಮೇಳಗಳು ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ಊರೂರು ತಿರುಗುತ್ತವೆ. ಮಂದಾರ್ತಿಯೇ ಮೊದಲಾದ ಕ್ಷೇತ್ರಗಳ ಮೇಳಗಳು ಘಟ್ಟ ಹತ್ತಿ ಮಲೆನಾಡಿನ ಹರಕೆದಾರರ ಅಂಗಳದಲ್ಲಿ ಆಡುವುದು ಹಳೆಯ ರೂಢಿ. ಇಂಥ ಬಯಲಾಟಕ್ಕೆ ಟಿಕೆಟ್ ಇಲ್ಲ, ಆಹ್ವಾನವೂ ಬೇಕಿಲ್ಲ. ಬಸ್ ನಿಲ್ದಾಣದ ಗೋಡೆಯಲ್ಲಿ ಅಂಟಿಸಿದ ಕರಪತ್ರ ಓದಿಕೊಂಡು ಹೋದರಾಯಿತು. ಇತ್ತೀಚಿನ ವರ್ಷಗಳಲ್ಲಿ ಹಲವು ಮೇಳಗಳು ನಡುರಾತ್ರಿಯ ಹೊತ್ತಿಗೆ ಮುಗಿಯುವ ಕಾಲಮಿತಿಯ ಪ್ರದರ್ಶನಕ್ಕೆ ಹೊರಳಿದ್ದು, ಬೆಳಗಿನವರೆಗಿನ ಆಟದ ರುಚಿ ಹತ್ತಿದವರು ಅದನ್ನು ನೆನೆದು ನಿಟ್ಟುಸಿರಿಡುತ್ತಾರೆ.

ಪ್ರೇಮಕ್ಕಂತೂ ಇಲ್ಲಿ ಬರವಿಲ್ಲ. ಸುಭದ್ರಾ ಕಲ್ಯಾಣ, ರುಕ್ಮಿಣೀ ಕಲ್ಯಾಣ, ರತಿ ಕಲ್ಯಾಣ ಎಂದು ಪ್ರಸಂಗಗಳ ಪಟ್ಟಿಯಲ್ಲಿ ಮದುವೆಗಳ ಸಾಲೇ ಇದೆ; ಅವುಗಳಲ್ಲಿ ಹಿರಿಯರು ಗೊತ್ತು ಮಾಡಿದಂತೆ ನಡೆದವು ತೀರಾ ಕಡಿಮೆ. ಅರ್ಜುನ ಸನ್ಯಾಸಿಯ ವೇಷದಲ್ಲಿ ಬಂದು ಸುಭದ್ರೆಯನ್ನು ಕರೆದೊಯ್ಯುತ್ತಾನೆ, ರುಕ್ಮಿಣಿ ತಾನೇ ಓಲೆ ಬರೆದು ಕೃಷ್ಣನನ್ನು ಕರೆಸುತ್ತಾಳೆ. ಚಂದ್ರಾವಳಿ ವಿಲಾಸದಲ್ಲಿ ಹೆಣ್ಣುವೇಷ ತೊಟ್ಟ ಕೃಷ್ಣನನ್ನು ಕಂಡು ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಸಂಸ್ಕೃತಿಯ ಹೆಸರಿನಲ್ಲಿ ಪ್ರೇಮಿಗಳನ್ನು ಗದರುವವರು ಒಂದು ರಾತ್ರಿ ಚಾಪೆ ಹಾಸಿಕೊಂಡು ಈ ಆಟ ನೋಡಿದರೆ ಉಪಕಾರವಾದೀತು.

ಕಳಸಕ್ಕೆ ಬಂದರೆ ದೇವರದೂ ಮದುವೆಯೇ. ಹಿಂದೆ ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದು ಈಗ ತಾನೇ ತಾಲ್ಲೂಕಾಗಿರುವ ಕಳಸವನ್ನು ಭದ್ರಾ ನದಿ ಬಳಸಿಕೊಂಡು ಹರಿಯುತ್ತದೆ. ಇಲ್ಲಿನ ಕಳಸೇಶ್ವರ ದೇವಾಲಯ ಪ್ರತಿವರ್ಷ ನಡೆಯುವ ಗಿರಿಜಾ ಕಲ್ಯಾಣಕ್ಕೆ ಹೆಸರುವಾಸಿ. 2026ರ ಪಂಚಾಂಗದಲ್ಲಿ ಮಹಾಶಿವರಾತ್ರಿ ಫೆಬ್ರವರಿ 15ಕ್ಕೆ, ಅಂದರೆ ಪ್ರೇಮಿಗಳ ದಿನದ ಮರುದಿನಕ್ಕೇ ಬಿದ್ದಿದೆ. ಹಬ್ಬವೂ ವಿಹಾರವೂ ಹೀಗೆ ಒಂದರ ಮೇಲೊಂದು ಬಂದ ವರ್ಷಗಳಲ್ಲಿ ಕಳಸ, ಹೊರನಾಡುಗಳಲ್ಲಿ ಕೊಠಡಿ ಸಿಗುವುದು ಕಷ್ಟ.

ಕೊಟ್ಟಿಗೆಹಾರದಿಂದ ಕಳಸದತ್ತ ಸಾಗುವ ರಸ್ತೆಯಲ್ಲಿ, ಕಾಫಿ ಸೀಮೆಯ ನಡುವೆ ದಾರಿ ತಪ್ಪಿ ಬಂದಂತೆ ಕೆಳಗೂರಿನ ಚಹಾ ತೋಟ ಕಾಣಿಸುತ್ತದೆ. ಕಳಸ ದಾಟಿ ಕೆಲವೇ ಕಿಲೋಮೀಟರ್ ಹೋದರೆ ಹೊರನಾಡು. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟವಿದೆ. ಹಸಿದು ಹೋದವರು ಹೋಟೆಲು ಹುಡುಕಬೇಕಿಲ್ಲ. ಅಲ್ಲಿಂದ ಕುದುರೆಮುಖದ ಮೂಲಕ ಕಾರ್ಕಳಕ್ಕೆ ಇಳಿಯುವ ಹಾದಿ ರಾಷ್ಟ್ರೀಯ ಉದ್ಯಾನದ ನಡುವೆ ಹಾಯುತ್ತದೆ. 2005ರ ಕೊನೆಯವರೆಗೆ ಗಣಿಯ ಸದ್ದಿದ್ದ ಈ ಕಾಡಿನಲ್ಲಿ ಎಲ್ಲೆಂದರಲ್ಲಿ ವಾಹನ ನಿಲ್ಲಿಸುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ.

ಆಟ ನೋಡಲು ಉಳಿಯುವವರು ಕಂಬಳಿಯೊಂದನ್ನು ಮರೆಯದೆ ಒಯ್ಯಬೇಕು. ಹಗಲಿನ ಬಿಸಿಲಿಗೆ ಮೋಸಹೋಗಿ ತೆಳು ಅಂಗಿಯಲ್ಲಿ ಬಂದವರು ಚೌಕಿಯ ಪಕ್ಕದ ಚಹಾದಂಗಡಿಯ ಒಲೆ ಬಿಟ್ಟು ಕದಲದಿರುವುದು ಪ್ರತಿವರ್ಷದ ನೋಟ.